ದಾಸೋಹದ ಹೆಸರಿನಲ್ಲಿ ವಂಚನೆ

2019ನೆಯ ಇಸವಿಯ ಶ್ರಾವಣ ಮಾಸ. ಮಲಪ್ರಭೆ, ಘಟಪ್ರಭೆ, ಕೃಷ್ಣೆ ಮೂರೂ ನದಿಗಳು ಒಂದೇ ಕಾಲಕ್ಕೆ ದಂಡೆ ಮೀರಿ ಹರಿದು ಬೆಳಗಾವಿ, ಬಾಗಲಕೋಟೆ, ಗದಗ ಜಿಲ್ಲೆಗಳ ಹೊಳೆಸಾಲಿನ ಊರುಗಳನ್ನು ನೀರಿನಲ್ಲಿ ನಿಲ್ಲಿಸಿದ್ದವು. ಕೊಣ್ಣೂರು, ಹೊಳೆಆಲೂರುಗಳ ಜನ ಮನೆ ಬಿಟ್ಟು ಹೊರಬಿದ್ದ ಸುದ್ದಿ ದಿನವೂ ಪತ್ರಿಕೆಗಳಲ್ಲಿ ಬರುತ್ತಿತ್ತು. ಅದನ್ನೋದಿ ಮನಸ್ಸು ಕಲಕದ ಮನೆ ನಮ್ಮ ಓಣಿಯಲ್ಲಿ ಒಂದೂ ಇರಲಿಲ್ಲ. ಏನನ್ನಾದರೂ ಕೊಡಬೇಕೆಂಬುದು ಎಲ್ಲರ ಇಚ್ಛೆ. ಯಾರ ಕೈಗೆ ಕೊಡಬೇಕೆಂಬುದು ಎಲ್ಲರ ಪ್ರಶ್ನೆ.

ಅಂಥದೊಂದು ಸೋಮವಾರ ಬೆಳಿಗ್ಗೆ ನಾನು ಇಷ್ಟಲಿಂಗ ಪೂಜೆಯನ್ನು ಮುಗಿಸಿ ಪಡಸಾಲೆಗೆ ಬರುವ ಹೊತ್ತಿಗೆ ಇಬ್ಬರು ತರುಣರು ಬಾಗಿಲಲ್ಲಿ ನಿಂತಿದ್ದರು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಕಾವಿಯ ಶಲ್ಯ, ಕೈಯಲ್ಲಿ ರಸೀದಿ ಪುಸ್ತಕ. ಪುಸ್ತಕದ ಮೇಲೆ ನಾವೆಲ್ಲ ಗೌರವಿಸುವ ಪೂಜ್ಯರೊಬ್ಬರ ಭಾವಚಿತ್ರ. ಅದರ ಕೆಳಗೆ ನೆರೆ ಸಂತ್ರಸ್ತರಿಗಾಗಿ ದಾಸೋಹ ನಿಧಿ ಎಂಬ ದಪ್ಪಕ್ಷರಗಳು. ಮಾತು ಅತ್ಯಂತ ವಿನಯದ್ದು.

ಎರಡು ಸಾವಿರ ರೂಪಾಯಿ ಕೊಟ್ಟೆ. ಅಷ್ಟಕ್ಕೇ ನಿಂತಿದ್ದರೆ ನಷ್ಟ ನನ್ನೊಬ್ಬನದಾಗುತ್ತಿತ್ತು. ರಸೀದಿ ಹರಿದುಕೊಟ್ಟ ತರುಣನು ಚೀಲದಿಂದ ಹೊಸದೊಂದು ನೋಟುಬುಕ್ಕನ್ನು ತೆಗೆದು, “ತಾವು ಹಿರಿಯರು, ಪ್ರವಚನ ಹೇಳುವವರು. ಮೊದಲನೆಯ ಪುಟದಲ್ಲಿ ತಮ್ಮ ಹಸ್ತಾಕ್ಷರದ ಎರಡು ಮಾತಿದ್ದರೆ ನಮಗೆ ಆಶೀರ್ವಾದ” ಎಂದನು. ನನಗೂ ಹಿತವೆನಿಸಿತು. ಈ ಸತ್ಕಾರ್ಯಕ್ಕೆ ಸದ್ಭಕ್ತರೆಲ್ಲ ಕೈಜೋಡಿಸಲಿ ಎಂದು ಬರೆದು, ಸಹಿ ಮಾಡಿ, ದಿನಾಂಕವನ್ನೂ ಹಾಕಿದೆ. ಆ ಒಂದು ಪುಟವನ್ನು ಹಿಡಿದುಕೊಂಡು ಅವರು ಸಂಜೆಯೊಳಗೆ ನಮ್ಮ ಓಣಿ, ಹಿಂದಿನ ಓಣಿ ಸೇರಿ ಮೂವತ್ತೊಂದು ಮನೆಗಳನ್ನು ಸುತ್ತಿದರು.

ಎಂಟು ದಿನಗಳ ತರುವಾಯ ಒಂದು ಸಮಾರಂಭದಲ್ಲಿ ಅದೇ ಮಠದ ವ್ಯವಸ್ಥಾಪಕರು ಭೇಟಿಯಾದರು. “ನಮ್ಮ ಓಣಿಯ ಅಲ್ಪ ಸೇವೆ ತಲುಪಿತೇ?” ಎಂದು ಕೇಳಿದೆ. ಅವರು ಹುಬ್ಬು ಗಂಟಿಕ್ಕಿದರು. ಮಠದಿಂದ ಯಾರನ್ನೂ ರಸೀದಿ ಪುಸ್ತಕ ಕೊಟ್ಟು ಕಳಿಸಿರಲಿಲ್ಲ. ಜೋಳ, ರೊಟ್ಟಿ, ಹಾಸಿಗೆ ಹೊದಿಕೆಗಳು ಮಠದ ಟ್ರ್ಯಾಕ್ಟರಿನಲ್ಲಿಯೇ ನೇರವಾಗಿ ಹೊಳೆಸಾಲಿಗೆ ಹೋಗಿದ್ದವು. ಆ ಭಾವಚಿತ್ರ ಯಾವುದೋ ಕ್ಯಾಲೆಂಡರಿನಿಂದ ತೆಗೆದದ್ದು.

ಈ ಸಂಗತಿಯನ್ನು ತಿಳಿದೂ ನಾನು ನಾಲ್ಕು ದಿನ ಬಾಯಿ ತೆರೆಯಲಿಲ್ಲ. ಐದು ದಶಕ ಶಾಸ್ತ್ರವನ್ನೋದಿದವನು ಇಬ್ಬರು ಹುಡುಗರಿಂದ ಮೋಸಹೋದೆನೆಂದು ಹೇಳಿಕೊಳ್ಳುವುದು ಸುಲಭವಲ್ಲ. ಐದನೆಯ ದಿನ ಮನೆಯಾಕೆಯೇ, “ನಿಮ್ಮ ಸಹಿ ನೋಡಿ ಕೊಟ್ಟವರಿಗೆ ನೀವೇ ಹೇಳದಿದ್ದರೆ ಯಾರು ಹೇಳಬೇಕು?” ಎಂದು ಕೇಳಿದಳು. ಅಂದು ಮೂವತ್ತೊಂದು ಮನೆಗಳ ಮೆಟ್ಟಿಲುಗಳನ್ನೂ ಹತ್ತಿದೆ.

ಹಿಂದಿನ ಓಣಿಯಲ್ಲಿ ಖಡಕ್ ರೊಟ್ಟಿ ಬಡಿದು ಮಾರಿ ಇಬ್ಬರು ಮಕ್ಕಳನ್ನು ಓದಿಸುತ್ತಿರುವ ತಾಯಿಯೊಬ್ಬರಿದ್ದಾರೆ. ಅವರು ಕೊಟ್ಟದ್ದು ಸಾವಿರದ ನೂರು ರೂಪಾಯಿ. ಅವರ ಕಾಯಕದಲ್ಲಿ ಅದು ಎಷ್ಟು ದಿನಗಳ ದುಡಿಮೆಯೆಂಬುದನ್ನು ಓದುಗರೇ ಊಹಿಸಬೇಕು. ನಾನು ವಿಷಯ ಹೇಳಿದಾಗ ಅವರು ಒಲೆಯ ಮುಂದಿನಿಂದ ಏಳದೆಯೇ, “ನಿಮ್ಮ ಸಹಿ ಇತ್ತಲ್ರೀ ಶಾಸ್ತ್ರಿಗಳ, ಅದಕ್ಕ ನಾ ಹಿಂದ ಮುಂದ ನೋಡಲಿಲ್ಲ” ಎಂದರು. ಅಷ್ಟೇ. ಬೈಗುಳವಿರಲಿಲ್ಲ, ಕಣ್ಣೀರೂ ಇರಲಿಲ್ಲ. ನಾನು ಹಣವನ್ನು ಮುಂದಿಟ್ಟೆ, ಅವರು ತೆಗೆದುಕೊಳ್ಳಲಿಲ್ಲ. “ಇದನ್ನ ಖರೇ ನೆರಿ ಬಂದವರಿಗೆ ಮುಟ್ಟಸ್ರಿ” ಎಂದರು. ಮುಟ್ಟಿಸಿದೆ.

ಶಿವಾರ್ಪಣವೆಂಬ ಮೌನ

ಪೊಲೀಸ್ ಠಾಣೆಗೆ ಹೋಗಿ ದೂರು ಬರೆದುಕೊಟ್ಟೆ. ಅಧಿಕಾರಿಗಳು ಸ್ವೀಕರಿಸಿ, ಹಣ ಕಳೆದುಕೊಂಡ ಉಳಿದವರ ಹೇಳಿಕೆಯೂ ಬೇಕೆಂದರು. ಮೂವತ್ತೊಂದರಲ್ಲಿ ಒಂಬತ್ತು ಮನೆಯವರು ಮಾತ್ರ ಬಂದರು. ಉಳಿದವರ ಉತ್ತರ ಹೆಚ್ಚುಕಡಿಮೆ ಒಂದೇ ಬಗೆಯದು: “ಕೊಟ್ಟದ್ದು ಶಿವಾರ್ಪಣ ಆತು ಬಿಡ್ರಿ. ಯಾಕ ಬೇಕು ಠಾಣೆ ಕಚೇರಿ.” ಆ ತರುಣರು ಕೊನೆಗೂ ಸಿಗಲಿಲ್ಲ. ರಸೀದಿಯಲ್ಲಿದ್ದ ಫೋನಿನ ಅಂಕಿ ಚಾಲ್ತಿಯಲ್ಲಿರಲಿಲ್ಲ.

ಬಂಧುಗಳೇ, ‘ಶಿವಾರ್ಪಣ’ವೆಂಬ ಈ ಮಾತಿನ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕಾಗಿದೆ. ಆ ಹಣ ಶಿವನಿಗೆ ಅರ್ಪಿತವಾಗಲಿಲ್ಲ. ಹೊಳೆಯ ದಂಡೆಯಲ್ಲಿ ಹಸಿದು ಕುಳಿತಿದ್ದವರಿಗೆ ಸಲ್ಲಬೇಕಾಗಿದ್ದುದು ಅನ್ಯರ ಪಾಲಾಯಿತು. ನಾವು ಸುಮ್ಮನಾದುದರಿಂದ ಅದೇ ರಸೀದಿ ಪುಸ್ತಕ ಇನ್ನೊಂದು ಊರಿನ ಬಾಗಿಲನ್ನು ತಟ್ಟಿರಲೂ ಸಾಕು. ವಂಚಕನು ಮನೆಯಿಂದ ಬಂಡವಾಳವನ್ನು ತಂದಿರುವುದಿಲ್ಲ. ಮೊದಲು ನಮ್ಮ ಕರುಣೆ, ಆಮೇಲೆ ನಮ್ಮ ನಾಚಿಕೆ, ಇವೆರಡೇ ಅವನ ಬಂಡವಾಳ. ಕರುಣೆಯನ್ನು ನಾವು ಬಿಡಲಾಗದು, ಬಿಡಲೂ ಬಾರದು. ಆದುದರಿಂದ ಬಿಡಬೇಕಾದುದು ನಾಚಿಕೆಯನ್ನೇ.

ಇನ್ನೊಂದು ಅಡ್ಡಿ ಇದಕ್ಕಿಂತ ಸೂಕ್ಷ್ಮವಾದುದು. ಕೊಡುವಾಗ ಲೆಕ್ಕ ಕೇಳಿದರೆ ದಾನದ ಪಾವಿತ್ರ್ಯ ಕೆಡುತ್ತದೆ, ಕಾವಿಯನ್ನು ಶಂಕಿಸಿದ ದೋಷ ತಟ್ಟುತ್ತದೆ ಎಂಬ ಭಾವನೆ ನಮ್ಮ ಮನೆಗಳಲ್ಲಿ ಬೇರೂರಿದೆ. ನಮ್ಮ ಪರಂಪರೆ ಹಾಗೆ ಹೇಳುವುದಿಲ್ಲ. ಬಿಜ್ಜಳನ ಭಂಡಾರದ ಹಣವನ್ನು ಬಸವಣ್ಣನವರು ಜಂಗಮ ದಾಸೋಹಕ್ಕೆ ವ್ಯಯಿಸುತ್ತಿದ್ದಾರೆಂದು ಚಾಡಿ ಹೇಳಿದವರಿದ್ದರು. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣದಲ್ಲಿಯೂ ಬರುವ ಈ ಪ್ರಸಂಗದಲ್ಲಿ ಬಸವಣ್ಣನವರು ಭಂಡಾರವನ್ನು ತೆರೆದು ಎಣಿಸಲು ಅವಕಾಶವಿತ್ತರು, ಎಣಿಕೆ ಸರಿಯಾಗಿತ್ತು. ಪವಾಡದ ಅಂಶವನ್ನು ಬದಿಗಿಟ್ಟು ನೋಡಿದರೂ ಒಂದು ಸಂಗತಿ ಉಳಿಯುತ್ತದೆ. ಲೆಕ್ಕ ತೋರಿಸುವುದು ಅವರಿಗೆ ಅಪಮಾನವೆನಿಸಲಿಲ್ಲ.

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವಂತೂ ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ನಮ್ಮ ನಿತ್ಯದ ಅಳತೆಯಲ್ಲವೆಂದು ಆಕೆ ಗುರುತಿಸಿ, ಹೆಚ್ಚಿನದನ್ನು ಮರಳಿ ಸುರಿದು ಬರಲು ಕಳಿಸಿದಳು. ನಾವು ಈ ಕಥೆಯನ್ನು ನಿರಾಶೆಗೆ, ಅಂದರೆ ಆಸೆಯಿಲ್ಲದಿರುವಿಕೆಗೆ ಉದಾಹರಣೆಯಾಗಿ ಹೇಳುತ್ತ ಬಂದಿದ್ದೇವೆ. ಆಕೆ ಅಳತೆಯನ್ನು ಬಲ್ಲವಳಾಗಿದ್ದಳು ಎಂಬುದನ್ನು ಮರೆಯುತ್ತೇವೆ. ಒಳಗೆ ಬಂದುದನ್ನೂ ಹೊರಗೆ ಹೋಗುವುದನ್ನೂ ಕಣ್ಣಳತೆಯಲ್ಲಿ ಹಿಡಿಯಬಲ್ಲ ಗೃಹಿಣಿಯಿರುವ ಮನೆಯಲ್ಲಿ ಠಕ್ಕನ ಆಟ ನಡೆಯುವುದು ಕಷ್ಟ.

ಜೋಳಿಗೆ ಮತ್ತು ಕಿರ್ದಿ

ನಾನು ಬೆಳೆದದ್ದು ಮಠದಲ್ಲಿ. 1972ರ ಬರಗಾಲದಲ್ಲಿ ನನಗೆ ಹನ್ನೆರಡು ವರ್ಷ. ಜೋಳಿಗೆ ಹಿಡಿದು ಕಂತಿಭಿಕ್ಷೆಗೆ ಹೋಗುವ ಹುಡುಗರಲ್ಲಿ ನಾನೂ ಒಬ್ಬ. ಯಾವ ಮನೆಗೆ ಯಾವ ಹುಡುಗ ಹೋಗಬೇಕೆಂಬುದು ನಿಶ್ಚಿತವಾಗಿತ್ತು. ಬಾಗಿಲಿಗೆ ಬಂದ ಅವ್ವನಿಗೆ ನನ್ನ ಹೆಸರು, ನನ್ನ ಊರು, ನಾನು ಎಷ್ಟನೆಯ ಇಯತ್ತೆಯಲ್ಲಿ ಓದುತ್ತೇನೆ, ಎಲ್ಲವೂ ಗೊತ್ತಿತ್ತು. ಬೇರೆ ಹುಡುಗ ಹೋದರೆ, “ಇವತ್ತ ಅವ ಯಾಕ ಬರಲಿಲ್ಲ?” ಎಂಬ ಪ್ರಶ್ನೆ ಮೊದಲು, ರೊಟ್ಟಿ ಆಮೇಲೆ.

ಸಂಜೆ ಉಗ್ರಾಣದ ಹಿರಿಯರು ಬಂದ ಕಾಳುಕಡಿಯನ್ನು ಸೇರು, ಅಚ್ಚೇರುಗಳಲ್ಲಿ ಅಳೆದು ಕಿರ್ದಿಯಲ್ಲಿ ಬರೆಯುತ್ತಿದ್ದರು. ಅಮಾವಾಸ್ಯೆಯ ದಿನ ಆ ಕಿರ್ದಿಯನ್ನು ಮಠದ ಕಟ್ಟೆಯ ಮೇಲೆ ಗಟ್ಟಿಯಾಗಿ ಓದುವ ರೂಢಿ. ಇಷ್ಟು ಬಂತು, ಇಷ್ಟು ಮಂದಿ ಉಂಡರು, ಇಷ್ಟು ಉಳಿಯಿತು. ಒಮ್ಮೆ ಒಬ್ಬ ರೈತರು ಎದ್ದು ನಿಂತು, ತಾವು ಕೊಟ್ಟ ಒಂದು ಚೀಲ ಜೋಳ ಲೆಕ್ಕದಲ್ಲಿಲ್ಲವೆಂದರು. ಹಿರಿಯ ಪೂಜ್ಯರು ಓದುವುದನ್ನು ನಿಲ್ಲಿಸಿ, ಹುಡುಕಿಸಿ, ಅದು ಹಿಂದಿನ ತಿಂಗಳ ಪುಟದಲ್ಲಿ ಬರೆಯಲ್ಪಟ್ಟಿದ್ದನ್ನು ತೋರಿಸಿದ ಮೇಲೆಯೇ ಮುಂದಿನ ಸಾಲಿಗೆ ಹೋದರು. ಕೇಳಿದ ರೈತರನ್ನು ಯಾರೂ ಕೆಕ್ಕರಿಸಿ ನೋಡಲಿಲ್ಲ.

ಈ ನಾಡಿನ ದೊಡ್ಡ ದೊಡ್ಡ ಕಾರ್ಯಗಳು ನಡೆದದ್ದು ಇಂಥ ನಂಬುಗೆಯ ಮೇಲೆ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗಾಗಿ ಬರೆದಿಟ್ಟಾಗ, ಬಾಯಿಮಾತಿನಲ್ಲಿ ಬಿಡದೆ ಮೃತ್ಯುಪತ್ರವನ್ನೇ ಮಾಡಿದರು. ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳು ತಾವೇ ಹಳ್ಳಿಹಳ್ಳಿಗೆ ಭಿಕ್ಷೆಗೆ ನಡೆದರು. ತಂದುದು ಎಲ್ಲಿ ಹೋಗುತ್ತಿತ್ತೆಂಬುದನ್ನು ತಿಳಿಯಲು ಯಾರಾದರೂ ಕ್ಷೇತ್ರಕ್ಕೆ ಹೋಗಿ ಮಕ್ಕಳ ಪಂಕ್ತಿಯನ್ನು ನೋಡಿದರೆ ಸಾಕಾಗಿತ್ತು. ಕೇಳುವವನು ಪರಿಚಿತ, ಹಣ ಸೇರುವ ಸ್ಥಳ ಪರಿಚಿತ, ಲೆಕ್ಕ ಬಹಿರಂಗ. ಇಂದಿನ ವಂಚಕನು ಈ ಮೂರರ ಚಿಹ್ನೆಗಳನ್ನಷ್ಟೇ ಕದಿಯುತ್ತಾನೆ: ವೇಷ, ಭಾವಚಿತ್ರ, ರಸೀದಿ. ಅವುಗಳ ಹಿಂದಿನ ಪರಿಚಯವನ್ನು ಕದಿಯಲು ಅವನಿಂದ ಆಗುವುದಿಲ್ಲ.

ಒಂದು ಅಕ್ಷರದ ಅಂತರ

ಮೊಬೈಲ್ ಫೋನು ಬಂದ ಮೇಲೆ ಠಕ್ಕರು ಮನೆಯ ಮೆಟ್ಟಿಲು ಹತ್ತುವ ಶ್ರಮವನ್ನೂ ಉಳಿಸಿಕೊಂಡಿದ್ದಾರೆ. 2020ರ ಮಾರ್ಚಿನಲ್ಲಿ ಕೊರೊನಾ ಕಾಲದ ಪಿಎಂ ಕೇರ್ಸ್ ನಿಧಿ ಘೋಷಣೆಯಾದ ಕೆಲವೇ ದಿನಗಳಲ್ಲಿ ಅದನ್ನೇ ಹೋಲುವ ನಕಲಿ ಯುಪಿಐ ವಿಳಾಸ ಹರಿದಾಡಿತು. ಅಸಲಿಗೂ ನಕಲಿಗೂ ಇದ್ದ ವ್ಯತ್ಯಾಸವೆಂದರೆ ‘ಕೇರ್ಸ್’ ಎಂಬಲ್ಲಿ ಕೊನೆಯ ‘ಎಸ್’ ಅಕ್ಷರವಿರಲಿಲ್ಲ. ದೆಹಲಿ ಪೊಲೀಸರ ಸೈಬರ್ ವಿಭಾಗ ಅದನ್ನು ಪತ್ತೆಹಚ್ಚಿ ತಡೆಯಿತು. ದೇಶದ ಪ್ರಧಾನಮಂತ್ರಿಯವರ ಹೆಸರಿನ ನಿಧಿಗೇ ಹೀಗಾದರೆ ನಮ್ಮ ತಾಲ್ಲೂಕಿನ ಪ್ರಸಾದ ನಿಲಯದ ಹೆಸರಿಗೆ ಆಗದೆಂದು ಹೇಗೆ ನಂಬುವುದು? 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ನೂರಾರು ಜೀವಗಳು ಹೋದಾಗ, ಕೇರಳದ ಮುಖ್ಯಮಂತ್ರಿ ಪರಿಹಾರ ನಿಧಿಗೆ ಹಣ ಕಳಿಸಲು ಪ್ರಕಟಿಸಿದ್ದ ಕ್ಯೂಆರ್ ಚಿತ್ರವನ್ನು, ದುರುಪಯೋಗವಾಗುವ ಭಯದಿಂದ ಸರ್ಕಾರವೇ ಹಿಂತೆಗೆದುಕೊಳ್ಳಬೇಕಾಯಿತು. ಆ ಕಪ್ಪು ಬಿಳಿ ಚೌಕವನ್ನು ನೋಡಿ ಇದು ಯಾರದೆಂದು ಹೇಳಬಲ್ಲ ಕಣ್ಣು ಮನುಷ್ಯರಿಗಿಲ್ಲ. ಸ್ಕ್ಯಾನ್ ಮಾಡಿದ ಮೇಲೆ ಪರದೆಯಲ್ಲಿ ಮೂಡುವ ಖಾತೆದಾರರ ಹೆಸರನ್ನು ಓದಬೇಕು. ಅಲ್ಲಿ ಸಂಸ್ಥೆಯ ಹೆಸರಿನ ಬದಲು ಯಾರೋ ವ್ಯಕ್ತಿಯ ಹೆಸರಿದ್ದರೆ ಅಲ್ಲಿಯೇ ನಿಲ್ಲಬೇಕು.

ವಾಟ್ಸಾಪಿನಲ್ಲಿ ಬರುವ ರೋಗಿ ಮಗುವಿನ ಚಿತ್ರವೂ ಇದೇ ಬಗೆಯದು. ಮಗು ನಿಜವಿರಬಹುದು, ರೋಗವೂ ನಿಜವಿರಬಹುದು. ಕೆಳಗಿನ ಖಾತೆಯ ಅಂಕಿ ಮಾತ್ರ ಬೇರೆಯವರದು. ಆಸ್ಪತ್ರೆಯ ಹೆಸರನ್ನು ಕೇಳಿ, ಅಲ್ಲಿಗೇ ಫೋನು ಮಾಡಿ, ಆ ರೋಗಿಯ ಬಿಲ್ಲಿಗೆ ನೇರವಾಗಿ ಹಣ ಕಟ್ಟಬಹುದೇ ಎಂದು ವಿಚಾರಿಸಿದರೆ ಸತ್ಯ ಅರ್ಧ ಗಂಟೆಯಲ್ಲಿ ಹೊರಬೀಳುತ್ತದೆ. ಪೂರ್ವಾಪರ ತಿಳಿಯದೆ ಅಂಥ ಚಿತ್ರವನ್ನು ಹತ್ತು ಗುಂಪುಗಳಿಗೆ ಕಳಿಸುವವರು, ನಾನು ಆ ನೋಟುಬುಕ್ಕಿನ ಮೊದಲ ಪುಟದಲ್ಲಿ ಮಾಡಿದ್ದನ್ನೇ ಮಾಡುತ್ತಿದ್ದಾರೆ. ಕಳಿಸಿದವರು ಸಜ್ಜನರೆಂದು ನಂಬಿಯೇ ಮುಂದಿನವರು ಹಣ ಹಾಕುತ್ತಾರೆ.

ಪಡೆಯುವವನ ವೇಷದಲ್ಲಿ ಮಾತ್ರವಲ್ಲ, ಕೊಡುವವನ ವೇಷದಲ್ಲಿಯೂ ಮೋಸ ಬರುತ್ತದೆ. ತಾನು ಸೈನ್ಯದಲ್ಲಿರುವವನು, ನಿಮ್ಮ ಅನಾಥಾಲಯಕ್ಕೆ ದೇಣಿಗೆ ಕೊಡುತ್ತೇನೆ, ಈ ಚಿತ್ರವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಬರುತ್ತದೆ ಎಂದು ಹೇಳುವವರಿದ್ದಾರೆ. ಯುಪಿಐಯಲ್ಲಿ ಹಣ ಪಡೆಯುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಮನೆಯ ಹಿರಿಯರಿಗೆ ಇದೊಂದನ್ನು ಮನಗಾಣಿಸಿದರೆ ಎಷ್ಟೋ ಕಷ್ಟ ತಪ್ಪೀತು.

ಸಂಸ್ಥೆಗಳ ಆಡಳಿತ ಮಂಡಳಿಯಲ್ಲಿರುವ ಬಂಧುಗಳಿಗೆ ಮತ್ತೊಂದು ಬಲೆ ಕಾದಿದೆ. ವಿದೇಶದ ದಾನಿಯೊಬ್ಬರು ಕೋಟಿಗಟ್ಟಲೆ ಹಣ ಕೊಡಲಿದ್ದಾರೆ, ಮೊದಲು ಕಾಗದಪತ್ರದ ಖರ್ಚೆಂದು ಇಂತಿಷ್ಟು ಕಟ್ಟಿರಿ ಎಂಬ ಕರೆ. ವಿದೇಶಿ ದೇಣಿಗೆಯನ್ನು ಪಡೆಯಲು ಕೇಂದ್ರ ಸರ್ಕಾರದ ಅನುಮತಿ ಬೇಕು. 2020ರ ತಿದ್ದುಪಡಿಯ ಮೇಲಂತೂ ಆ ಹಣ ಮೊದಲು ಬಂದು ಸೇರಬೇಕಾದುದು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲಿ ತೆರೆದ ನಿಗದಿತ ಖಾತೆಗೆ. ನಿಮ್ಮೂರಿನ ಸಾದಾ ಖಾತೆಗೆ ನೇರವಾಗಿ ಹಾಕುತ್ತೇನೆನ್ನುವವನ ಮಾತು ಅಲ್ಲಿಗೇ ಮುಗಿಯಬೇಕು.

ತೆರಿಗೆ ರಿಯಾಯಿತಿಯ ಆಮಿಷವನ್ನೂ ಹೇಳಿಬಿಡುತ್ತೇನೆ. ಜನರು 80ಜಿ ಎಂದು ಕರೆಯುವ ಸೌಲಭ್ಯವನ್ನು ರಸೀದಿಯ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸುವುದು ಸುಲಭ. ಎರಡು ಸಾವಿರ ರೂಪಾಯಿಗೆ ಮೀರಿ ನಗದಾಗಿ ಕೊಟ್ಟ ದೇಣಿಗೆಗೆ 2017ರಿಂದ ಈಚೆಗೆ ಆ ರಿಯಾಯಿತಿ ಸಿಗುವುದಿಲ್ಲ. ಹತ್ತು ಸಾವಿರ ನಗದು ಕೇಳುತ್ತ ತೆರಿಗೆ ಉಳಿಸುವ ಮಾತಾಡುವವನು ಕಾನೂನು ಅರಿಯದವನಾಗಿರಬೇಕು, ಇಲ್ಲವೇ ಚೆನ್ನಾಗಿ ಅರಿತವನಾಗಿರಬೇಕು. ನೋಂದಣಿಯ ಅಂಕಿಯಿದ್ದ ಮಾತ್ರಕ್ಕೆ ಸಂಸ್ಥೆ ಪ್ರಾಮಾಣಿಕವೆಂದೂ ತಿಳಿಯಬಾರದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಸಂಘಗಳು ಪ್ರತಿವರ್ಷ ಆಡಳಿತ ಮಂಡಳಿಯ ಪಟ್ಟಿಯನ್ನೂ ಜಮಾಖರ್ಚಿನ ತಃಖ್ತೆಯನ್ನೂ ನೋಂದಣಾಧಿಕಾರಿಗಳಿಗೆ ಒಪ್ಪಿಸಬೇಕು. ಕಳೆದ ಸಾಲಿನದನ್ನು ತೋರಿಸಿರೆಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ನಿಜವಾದ ಸಂಸ್ಥೆಯವರು ಅದನ್ನು ಸಂತೋಷದಿಂದ ತೋರಿಸುವುದನ್ನೇ ನಾನು ಕಂಡಿದ್ದೇನೆ.

ಎಲ್ಲಕ್ಕಿಂತ ದೊಡ್ಡ ರಕ್ಷಣೆಯೆಂದರೆ ಒಂದು ರಾತ್ರಿಯ ವಿಳಂಬ. “ನಾಳೆ ಸಂಸ್ಥೆಯ ಖಾತೆಗೇ ಹಾಕುತ್ತೇನೆ” ಎಂದರೆ ಸತ್ಯವಂತನು ನಮಸ್ಕರಿಸಿ ಹೋಗುತ್ತಾನೆ. ಠಕ್ಕನು ಅವಸರಪಡಿಸುತ್ತಾನೆ, ಇಲ್ಲವೆ ಪಕ್ಕದ ಮನೆಯವರು ಎಷ್ಟು ಕೊಟ್ಟರೆಂದು ಪಟ್ಟಿ ತೋರಿಸುತ್ತಾನೆ.

ಹಣ ಹೋಗಿಯೇಬಿಟ್ಟರೆ ತಡಮಾಡಬಾರದು. ಫೋನು, ಬ್ಯಾಂಕುಗಳ ಮೂಲಕ ಹೋದ ಹಣಕ್ಕೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ಬೇಗ ತಿಳಿಸಿದಷ್ಟೂ, ಹಣ ಕೈಯಿಂದ ಕೈಗೆ ದಾಟುವ ಮೊದಲೇ ಬ್ಯಾಂಕಿನಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಮನೆಬಾಗಿಲಲ್ಲಿ ನಡೆದ ಮೋಸವಾದರೆ ಠಾಣೆ, ತುರ್ತಾದರೆ 112. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು; ದಾಖಲಾದ ವರದಿಯ ಪ್ರತಿಯನ್ನು ಉಚಿತವಾಗಿ ಕೊಡಬೇಕು. ವಂಚನೆಯ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 318. ನಮ್ಮ ಜನರ ಬಾಯಲ್ಲಿ ಮಾತ್ರ ಮೋಸಗಾರನು ಇನ್ನೂ ‘ಫೋರ್ ಟ್ವೆಂಟಿ’ಯೇ, ಭಾಷೆ ಸಂಸತ್ತಿನ ಮಾತನ್ನು ಅಷ್ಟು ಬೇಗ ಕೇಳುವುದಿಲ್ಲ.

ಅಪರಿಚಿತನೆಲ್ಲ ಕಳ್ಳನಲ್ಲ

ಇಲ್ಲಿಯವರೆಗೆ ಎಚ್ಚರಿಕೆಯ ಮಾತನ್ನಾಡಿದೆ. ಎಚ್ಚರಿಕೆ ಹದ ತಪ್ಪಿದರೆ ಏನಾಗುತ್ತದೆಂಬುದನ್ನೂ ಹೇಳದೆ ಹೋದರೆ ನಾನು ಮತ್ತೊಂದು ಕೆಟ್ಟ ಪುಟಕ್ಕೆ ಸಹಿ ಮಾಡಿದಂತಾಗುತ್ತದೆ. 2018ರ ಜುಲೈಯಲ್ಲಿ ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಕೆಲವು ತರುಣರು ಬೀದರ್ ಜಿಲ್ಲೆಯ ಒಂದು ಹಳ್ಳಿಯ ಬಳಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿ ವಾಟ್ಸಾಪಿನಲ್ಲಿ ಅವರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನರ ಗುಂಪು ಅವರ ಮೇಲೆರಗಿತು. ಒಬ್ಬ ತರುಣ ಸತ್ತನು. ತಡೆಯಲು ಹೋದ ಪೊಲೀಸರೂ ಗಾಯಗೊಂಡರು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೂಲಿಗೆ ಬಂದಿದ್ದ ಒಬ್ಬನು ಇದೇ ಅನುಮಾನಕ್ಕೆ ಬಲಿಯಾಗಿದ್ದನು. ಹೊಡೆದವರೆಲ್ಲರೂ ತಾವು ಊರನ್ನು ಕಾಯುತ್ತಿದ್ದೇವೆಂದೇ ಭಾವಿಸಿದ್ದರು.

ನಮ್ಮ ಬಾಗಿಲಿಗೆ ಬರುವ ಅಲೆಮಾರಿಗಳನ್ನು ನೆನೆಯೋಣ. ಬುಡಬುಡಿಕೆಯವರು, ಕಿನ್ನರಿ ಜೋಗಿಗಳು, ಹೆಳವರು. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರುವ ಹೆಳವನು ಕಟ್ಟೆಯ ಮುಂದೆ ನಿಂತು ನನ್ನ ಮುತ್ತಜ್ಜನ ಹೆಸರನ್ನು, ಅವರು ಯಾವ ಊರಿನಿಂದ ಬಂದು ಇಲ್ಲಿ ನೆಲೆಸಿದರೆಂಬುದನ್ನು ನಾನು ಮರೆತಿದ್ದರೂ ತಪ್ಪಿಲ್ಲದೆ ಹೇಳುತ್ತಾನೆ. ಅವನಿಗಿಂತ ದೊಡ್ಡ ರಸೀದಿ ಪುಸ್ತಕ ಯಾವ ಸಂಸ್ಥೆಯಲ್ಲಿದೆ? ಒಂದು ಮೊರ ಜೋಳಕ್ಕೆ ಅವನ ಆಧಾರ್ ಚೀಟಿ ಕೇಳುವ ಕಾಲ ಬಾರದಿರಲಿ. ಹಸಿದವನಿಗೆ ಅನ್ನವಿಕ್ಕಲು ಯಾವ ವಿಚಾರಣೆಯೂ ಬೇಡ. ಇನ್ನೊಬ್ಬರ ಹೆಸರಿನಲ್ಲಿ ಹಣ ಕೇಳುವವನಿಗೆ ಮಾತ್ರ ಪ್ರಶ್ನೆ. ಸಂಶಯ ಬಂದರೆ ಕೈಯೆತ್ತುವುದಲ್ಲ, ಫೋನೆತ್ತುವುದು.

ಊರು ಕಾಯುವ ಕೆಲಸಕ್ಕೆ ಸರ್ಕಾರದ ವ್ಯವಸ್ಥೆಗಳು ಇಲ್ಲದಿಲ್ಲ. 1964ರ ಗ್ರಾಮ ರಕ್ಷಣಾ ದಳಗಳ ಕಾಯ್ದೆಯಲ್ಲಿ ಊರಿನ ದಳಪತಿಗೆ ಸ್ಥಾನವಿದೆ. 2017ರಲ್ಲಿ ರಾಜ್ಯದ ಪೊಲೀಸರು ಸುಧಾರಿತ ಗಸ್ತು ವ್ಯವಸ್ಥೆಯನ್ನು ತಂದು, ಒಂದೊಂದು ಪ್ರದೇಶಕ್ಕೆ ಒಬ್ಬೊಬ್ಬ ಬೀಟ್ ಪೊಲೀಸರನ್ನು ಹೊಣೆಗಾರರನ್ನಾಗಿಸಿ, ಅಲ್ಲಿನ ನಾಗರಿಕರನ್ನೂ ಜೊತೆಗೆ ಸೇರಿಸಿಕೊಂಡರು. 2025ರ ಜುಲೈಯಲ್ಲಿ ‘ಮನೆ ಮನೆಗೆ ಪೊಲೀಸ್’ ಎಂಬ ಕಾರ್ಯಕ್ರಮವೂ ಆರಂಭವಾಯಿತು. ಕಾಗದದ ಮೇಲಿನ ಇವು ನೆಲಕ್ಕಿಳಿಯಬೇಕಾದರೆ ನಮ್ಮ ಬೀಟ್ ಪೊಲೀಸರ ಹೆಸರೇನೆಂದು ನಮಗೆ ಗೊತ್ತಿರಬೇಕು. ನಮ್ಮ ಓಣಿಯಲ್ಲಿ 2019ರವರೆಗೆ ಯಾರಿಗೂ ಗೊತ್ತಿರಲಿಲ್ಲ, ನನಗೂ ಸಹ.

ಆ ಶ್ರಾವಣದ ತರುವಾಯ ನಾವು ಮಾಡಿದ್ದು ಬಹಳವೇನೂ ಅಲ್ಲ. ಗುಡಿಯ ಕಟ್ಟೆಯ ಗೋಡೆಗೆ ಒಂದು ಕಪ್ಪು ಹಲಗೆ ಹಾಕಿಸಿದೆವು. ಅದರ ಮೇಲೆ ಬೀಟ್ ಪೊಲೀಸರ ಹೆಸರು, ಫೋನಿನ ಅಂಕಿ, ಸುತ್ತಣ ಮಠಗಳ, ಪ್ರಸಾದ ನಿಲಯಗಳ ಕಚೇರಿಯ ಅಂಕಿಗಳಿವೆ. ವಂತಿಗೆ ಕೇಳಲು ಯಾರೇ ಬಂದರೂ ಮೊದಲು ಕಟ್ಟೆಯ ಮೇಲೆ ಕೂರಿಸಿ, ನೀರು ಬೆಲ್ಲ ಕೊಟ್ಟು, ಅವರ ಎದುರಿನಲ್ಲಿಯೇ ಆ ಕಚೇರಿಗೆ ಫೋನು ಮಾಡುವುದು; ರಸೀದಿಯ ಮೇಲಿನ ಅಂಕಿಗಲ್ಲ, ಹಲಗೆಯ ಮೇಲಿನ ಅಂಕಿಗೆ. ಕೂಡಿಸಿ ಕೊಟ್ಟ ಹಣದ ಲೆಕ್ಕವನ್ನು ಅಮಾವಾಸ್ಯೆಯ ದಿನ ಓದುವುದು. ಮಹಿಳೆಯರ ಸ್ವಸಹಾಯ ಸಂಘದವರು ಈ ಕಿರ್ದಿಯನ್ನು ಇಡುತ್ತಾರೆ. ಗಂಡಸರ ಕೈಯಲ್ಲಿದ್ದಾಗ ಮೂರು ತಿಂಗಳು ಬರೆದು ನಿಂತುಹೋಗಿತ್ತು.

ಕಳೆದ ಶ್ರಾವಣದಲ್ಲಿ ಇಬ್ಬರು ತರುಣರು ಬಂದರು. ಪ್ರಸಾದ ನಿಲಯವೊಂದರ ಮಕ್ಕಳ ಊಟಕ್ಕೆ ಸಹಾಯ ಬೇಡಿದರು. ಅಂದು ಕಟ್ಟೆಯ ಸರದಿ ರೊಟ್ಟಿಯ ತಾಯಿಯವರದು. ಅವರು ಕೂರಿಸಿದರು, ನೀರು ಕೊಟ್ಟರು, “ಸಿಟ್ಟ ಆಗಬ್ಯಾಡ್ರಪಾ, ನಮ್ಮ ಓಣಿ ರೂಢಿ ಇದು” ಎಂದು ಹೇಳಿ ಫೋನು ಮಾಡಿದರು. ಹೌದು, ನಮ್ಮ ಹುಡುಗರೇ ಎಂದು ನಿಲಯದ ಮೇಲ್ವಿಚಾರಕರು ಆ ಕಡೆಯಿಂದ ಇಬ್ಬರ ಹೆಸರನ್ನೂ ಹೇಳಿದರು. ಹುಡುಗರು ಸಿಟ್ಟಾಗಲಿಲ್ಲ, ಬೇರೆ ಊರುಗಳಲ್ಲಿ ತಮ್ಮನ್ನು ಬಾಗಿಲಿನಿಂದಲೇ ಕಳಿಸಿಬಿಡುತ್ತಾರೆ, ಫೋನು ಮಾಡಿ ಕೇಳಿದವರು ನೀವೇ ಮೊದಲೆಂದರು. ಓಣಿಯ ಹಣ ಮರುದಿನ ನಿಲಯದ ಖಾತೆಗೆ ಹೋಯಿತು. ತಾಯಿಯವರು ಹಣದ ಬದಲು ನೂರು ಖಡಕ್ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟರು.

ಹುಡುಗರಲ್ಲೊಬ್ಬನು ಹೊರಡುವ ಮುನ್ನ ನನ್ನ ಮನೆಗೂ ಬಂದು, ದಾನಿಗಳ ಪುಸ್ತಕವನ್ನು ತೆರೆದು ಮೊದಲನೆಯ ಪುಟವನ್ನು ತೋರಿಸಿದನು. ಉಳಿದವರೆಲ್ಲ ಬರೆದಾದ ಮೇಲೆ ಬಾ ಎಂದೆ. ಸಂಜೆ ಮತ್ತೆ ಬಂದನು. ರೊಟ್ಟಿ ನೂರು ಎಂದು ಬರೆದಿದ್ದ ಸಾಲಿನ ಕೆಳಗೆ ನನ್ನ ಹೆಸರನ್ನು ಬರೆದುಕೊಟ್ಟೆ.